ಐದು ಬಸಿ ಚಹಾ

ನಮ್ಮ ಮನೆಯಲ್ಲಿ ಚಹಾ ಕುಡಿಯುವುದು ಬೇರೆ, ಚಹಾ ನೋಡುವುದು ಬೇರೆ. ಕುಡಿಯುವುದು ದಿನಕ್ಕೆ ಎರಡು ಸಲ, ಎಲ್ಲರಿಗೂ. ನೋಡುವುದು ಗುರುವಾರ ಬೆಳಿಗ್ಗೆ ಮಾತ್ರ, ಒಬ್ಬರಿಗೆ ಮಾತ್ರ. ಆ ಒಬ್ಬರು ನಾನಲ್ಲ ಎಂಬುದೇ ನನ್ನ ಚಿಕ್ಕಂದಿನ ದೊಡ್ಡ ದುಃಖ. ಈಗ ಹೇಳಿದರೆ ನನ್ನ ಮಕ್ಕಳು ನಗುತ್ತಾರೆ. ಉಣ್ಣಲು ಉಡಲು ಕಡಿಮೆಯಿಲ್ಲದ ಮನೆಯಲ್ಲಿ ದೇವರು ಹುಟ್ಟಿಸಿದ್ದ, ಅಪ್ಪ ಒಂದು ದಿನವೂ ಕೈ ಎತ್ತಿದವನಲ್ಲ, ಸೋರದ ಮಾಳಿಗೆ, ಶಾಲೆಗೆ ಎರಡು ಜೊತೆ ಬಟ್ಟೆ. ಇಷ್ಟೆಲ್ಲ ಎಣಿಸಿ ಕೈಮುಗಿಯುವ ಬುದ್ಧಿ ನನಗೆ ಬಂದದ್ದು ಬಹಳ ತಡವಾಗಿ. ಹತ್ತು ವರ್ಷದವಳಿದ್ದಾಗ ನಾನು ಎಣಿಸುತ್ತಿದ್ದದ್ದು ಅಪ್ಪನ ಪಕ್ಕದ ಮಣೆಯ ಮೇಲೆ ನೀಲಾ ಕೂತ ಗುರುವಾರಗಳನ್ನು.

ಬಸವಕಲ್ಯಾಣದಲ್ಲಿ ಕೋಟೆಯ ಕಡೆ ಹೋಗುವ ಓಣಿಯಲ್ಲಿ ನಮ್ಮ ಮನೆ. ಮುಂದಿನ ಕೋಣೆಯೇ ಅಂಗಡಿ. ಅಪ್ಪ ಮಾರುತ್ತಿದ್ದದ್ದು ಬಿಡಿ ಚಹಾಪುಡಿ, ಜೊತೆಗೆ ಒಂದಿಷ್ಟು ಸಕ್ಕರೆ, ಬೆಲ್ಲ. ಅಂಗಡಿ ದಾಟಿದರೆ ಪಡಸಾಲೆ, ಪಡಸಾಲೆಯ ಎಡಕ್ಕೆ ದೇವರ ಮನೆ, ಎದುರಿಗೆ ಅಡುಗೆಮನೆ. ಎಲ್ಲಿ ಕೂತರೂ ಚಹಾಪುಡಿಯ ವಾಸನೆ. ನನ್ನ ಪಾಟಿಚೀಲಕ್ಕೆ, ಹಾಸಿಗೆಗೆ, ಆಯಿ ದೇವರ ಮುಂದೆ ಹಚ್ಚುವ ಧೂಪಕ್ಕೂ ಅದೇ ವಾಸನೆ. ಆಯಿ ಎಂದರೆ ಅಪ್ಪನ ತಾಯಿ. ಹೈದರಾಬಾದ್ ಕಡೆಯ ಲಾರಿಗಳು ಹುಮನಾಬಾದಿನಲ್ಲಿ ಮಾಲು ಇಳಿಸುತ್ತಿದ್ದವು. ಅಪ್ಪ ಬುಧವಾರ ಕೆಂಪು ಬಸ್ಸು ಹತ್ತಿ ಅಲ್ಲಿಗೆ ಹೋಗಿ, ದೊಡ್ಡ ವ್ಯಾಪಾರಿಯ ಹತ್ತಿರ ಐದು ಬಗೆಯ ಪುಡಿಯ ಸಣ್ಣ ಪುಡಿಕೆ ಕಟ್ಟಿಸಿಕೊಂಡು, ಮಾಣಿಕನಗರದ ಗುಡಿಯಲ್ಲಿ ಕೈಮುಗಿದು, ಸಂಜೆಗೆ ಪೇಡೆಯ ಪೊಟ್ಟಣದೊಂದಿಗೆ ಬರುತ್ತಿದ್ದ. ಆ ಐದರಲ್ಲಿ ಯಾವುದು ಚಲೋ ಎಂದು ಗುರುವಾರ ನಮ್ಮ ಪಡಸಾಲೆಯಲ್ಲಿ ತೀರ್ಮಾನವಾಗಬೇಕು. ಆಮೇಲೆ ಅಪ್ಪ ಎಸ್.ಟಿ.ಡಿ. ಬೂತಿಗೆ ಹೋಗಿ ವ್ಯಾಪಾರಿಗೆ ಫೋನು ಮಾಡಿ, ಆ ಪುಡಿಯ ಹೆಸರು ಹೇಳಿ ಚೀಲಗಳನ್ನು ಕಳಿಸಲು ತಿಳಿಸುತ್ತಿದ್ದ.

ಗುರುವಾರ ಅವ್ವ ಸೀಮೆಎಣ್ಣೆ ಸ್ಟವ್ ಮೇಲೆ ನೀರು ಕುದಿಸಿ, ಪ್ರತಿ ಪುಡಿಯನ್ನೂ ಒಂದೇ ಚಮಚದಲ್ಲಿ ಅಳೆದು, ಹಾಲಿಲ್ಲದೆ ಸಕ್ಕರೆಯಿಲ್ಲದೆ ಬೇರೆ ಬೇರೆ ಇಳಿಸುತ್ತಿದ್ದಳು. ಅವಳ ಮದುವೆಗೆ ಬಂದ ಬಿಳಿ ಪಿಂಗಾಣಿಯ ಕಪ್ಪುಬಸಿಗಳಲ್ಲಿ ಕಪ್ಪುಗಳೆಲ್ಲ ಎಂದೋ ಒಡೆದು, ಐದು ಬಸಿ ಮಾತ್ರ ಉಳಿದಿದ್ದವು. ಅಪ್ಪ ಐದೇ ಪುಡಿಕೆ ತರುತ್ತಿದ್ದುದು ಅದಕ್ಕೇ ಎಂದು ನನ್ನ ಅನುಮಾನ. ಅಪ್ಪ ಪುಡಿಗಳ ಹೆಸರನ್ನು ಚೀಟಿಗಳಲ್ಲಿ ಬರೆದಿಟ್ಟಿರುತ್ತಿದ್ದ. ಹಿತ್ತಾಳೆಯ ತಬಕದ ಮೇಲೆ ಚೀಟಿ, ಚೀಟಿಯ ಮೇಲೆ ಬಸಿ. ನೋಡುವವರಿಗೆ ಹೆಸರು ಕಾಣಬಾರದು. ಚೀಟಿ ಇಟ್ಟು ತಬಕ ಎತ್ತುವುದು ನನ್ನ ಕೆಲಸ. ತಬಕ ಮೊದಲು ದೇವರ ಮನೆಗೆ ಹೋಗಬೇಕು. ನಮ್ಮಲ್ಲಿ ಲಿಂಗಕ್ಕೆ ತೋರಿಸದ ಗುಟುಕು ನೀರನ್ನೂ ಆಯಿ ಬಾಯಿಗೆ ಬಿಡಳು. ಹುಮನಾಬಾದಿನ ವ್ಯಾಪಾರಿಗಳು ಚಹಾವನ್ನು ಸುರ್ರನೆ ಎಳೆದು, ಬಾಯಿತುಂಬ ಆಡಿಸಿ ಉಗುಳಿಬಿಡುತ್ತಾರೆಂದು ಅಪ್ಪ ಒಮ್ಮೆ ಹೇಳಿದ. ನಾವೂ ಹಾಗೇ ಮಾಡೋಣವೆಂದ. ಆಯಿ ಜಪದ ಮಣಿಗಳನ್ನು ಪಕ್ಕಕ್ಕಿಟ್ಟಳು.

"ಲೇ ತಮ್ಮಾ, ಲಿಂಗಕ್ಕ ತೋರಿಸಿದ್ದು ಪ್ರಸಾದ ಆತು. ಅದನ್ನ ಉಗಳತೀಯೇನು ನನ್ನ ಮನ್ಯಾಗ?"

"ಹಂಗಲ್ಲವ್ವ, ನೋಡೂದಕ್ಕಷ್ಟ..."

"ನೋಡು. ನೋಡಿ ನುಂಗು."

ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿ ಚಹಾ ನೋಡುವವರು ಐದೂ ಬಸಿಯನ್ನು ತಳ ಕಾಣುವವರೆಗೆ ಕುಡಿಯಲೇಬೇಕಾಯಿತು.

ಹಾಗೆ ಕುಡಿದು ಹೇಳುವುದು ಮೊದಲು ಅಪ್ಪನದೇ ಕೆಲಸವಾಗಿತ್ತು. ಆದರೆ ತಂಬಾಕು ತಿಂದು ತಿಂದು ಅವನ ನಾಲಗೆ ಜಡ್ಡುಗಟ್ಟಿತ್ತು. ಆ ವೇಳೆಗೆ ಕೊಹಿನೂರಿನಿಂದ ನನ್ನ ಸೋದರಮಾವನ ಮಗಳು ನೀಲಾ, ದೊಡ್ಡ ಊರಿನ ಸಾಲಿ ಕಲಿಯಲಿ ಎಂದು ನಮ್ಮ ಮನೆಗೆ ಬಂದಳು. ನನಗಿಂತ ಆರು ತಿಂಗಳಿಗೆ ದೊಡ್ಡವಳು, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಮಾತು ಕಡಿಮೆ. ಬಂದ ವಾರದಲ್ಲೇ ಒಂದು ಸಂಜೆ ಚಹಾ ಕುಡಿಯುತ್ತ ಅವ್ವನಿಗೆ ಹೇಳಿದಳು:

"ಅತ್ತಿ, ಇವತ್ತಿನ ಚಾದಾಗ ಎರಡು ಥರದ ಪತ್ತಿ ಬಿದ್ದಾವ. ಒಂದು ಹಳೀದು."

ಅವ್ವ ಡಬ್ಬಿಯ ತಳದ ಪುಡಿ ಸಾಲದೆ ಹೊಸ ಪುಡಿಕೆ ಒಡೆದಿದ್ದು ನಿಜ. ಅಪ್ಪ ಅಂಗಡಿಯಿಂದ ಕೇಳಿಸಿಕೊಂಡ. ಮುಂದಿನ ಗುರುವಾರ ಪಡಸಾಲೆಯಲ್ಲಿ ಅವನ ಮಣೆಯ ಪಕ್ಕಕ್ಕೆ ಇನ್ನೊಂದು ಮಣೆ ಬಿತ್ತು, ಅದರ ಮೇಲೆ ನೀಲಾ. "ಇದು ಗಂಟಲಾಗ ಹಿಡೀತದ." "ಇದರ ವಾಸನಿ ಮೊದಲ ಬರ್ತದ, ರುಚಿ ಹಿಂದ ಉಳೀತದ." "ಇದು ಬರೇ ಬಣ್ಣ ಮಾವ." ಒಂದೊಂದು ಮಾತಿಗೂ ಅಪ್ಪ ತಲೆಯಾಡಿಸುತ್ತಿದ್ದ. ಅವನು ನನ್ನ ಮಾತಿಗೆ ಹಾಗೆ ತಲೆಯಾಡಿಸಿದ್ದು ನನಗೆ ನೆನಪಿಲ್ಲ. ಈಗ ನಾನು ಹುಮನಾಬಾದಿನ ಸೊಸೆ, ಮಾಣಿಕನಗರದ ದಾರಿಯಲ್ಲಿ ನಮ್ಮ ಮನೆ. ನೀಲಾ ಬಂದರೆ ಈಗಲೂ ಮೊದಲ ಗುಟುಕಿಗೇ "ಸುಮ್ಮಿ, ಪತ್ತಿ ಬದಲಿ ಮಾಡೀಯಲ್ಲ?" ಎನ್ನುತ್ತಾಳೆ. ನಲವತ್ತು ದಾಟಿದ ಹೆಂಗಸು ನಾನು, ದಿನಾ ಪೂಜೆ ಮಾಡುವವಳು, ಆದರೂ ಆ ಕ್ಷಣ ಎದೆಯಲ್ಲಿ ಸಣ್ಣಗೆ ಚುಚ್ಚುತ್ತದೆ. ಸುಳ್ಳು ಹೇಳಲಾರೆ.

ಆಗ ಚುಚ್ಚುತ್ತಿದ್ದದ್ದು ಸಣ್ಣಗೆ ಅಲ್ಲ. ಗುರುವಾರ ಎಲ್ಲರೂ ಪಾತ್ರೆಯಲ್ಲಿ ಉಳಿದ ಹಾಲಿಲ್ಲದ ಚಹಾವನ್ನೇ ಮುಗಿಸುತ್ತಿದ್ದುದರಿಂದ ಒಂದು ಲೋಟ ಹಾಲು ಉಳಿಯುತ್ತಿತ್ತು. ಹಾಲು ಕುಡಿದರೆ ನಾಲಗೆಗೆ ಪೊರೆ ಕಟ್ಟುತ್ತದೆಂದು ಚಹಾ ನೋಡುವವರಿಗೆ ಅದಿಲ್ಲ. ಹಾಗಾಗಿ ಆ ಲೋಟ ನನ್ನ ಕೈಗೆ ಬರುತ್ತಿತ್ತು. ಅಡುಗೆಮನೆಯ ಬಾಗಿಲಿಗೆ ಒರಗಿ ಅದನ್ನು ಕುಡಿಯುತ್ತ ನಾನು ಪಡಸಾಲೆ ನೋಡುತ್ತಿದ್ದೆ. ಅಪ್ಪನ ಮೊಣಕಾಲು ನೀಲಾಳ ಮೊಣಕಾಲಿಗೆ ತಾಗುತ್ತಿತ್ತು. ನನ್ನ ಬಾಯಲ್ಲಿ ಏನಿದೆ ಎಂಬುದೇ ನನಗೆ ತಿಳಿಯುತ್ತಿರಲಿಲ್ಲ. ಒಂದು ದಿನ ಅಪ್ಪ, "ನಮ್ಮ ನೀಲವ್ವನ ನಾಲಗಿ ಅಂದ್ರ ತಕ್ಕಡಿ" ಎಂದ. ನಾನು ಲೋಟ ತೊಳೆಯದೇ ಹೊರಗೆ ಹೋದೆ. ನಮ್ಮ ನೀಲವ್ವ! ನಾನು ಯಾರ ಸುಮ್ಮಿ?

ಮುಂದಿನ ಗುರುವಾರ ಆ ಕೆಲಸ ಮಾಡಿದೆ. ಬುಧವಾರ ಸಂಜೆ ಅಪ್ಪ ಪುಡಿಕೆ ಬಿಚ್ಚುತ್ತ ಮೂರನೆಯದು ಎಲ್ಲಕ್ಕಿಂತ ಮೇಲಿನದು, ಐದನೆಯದು ಎಲ್ಲಕ್ಕಿಂತ ಅಗ್ಗದ್ದು ಎಂದು ಅವ್ವನಿಗೆ ಹೇಳಿದ್ದು ನನಗೆ ಕೇಳಿಸಿತ್ತು. ಬೆಳಿಗ್ಗೆ ಚೀಟಿ ಸರಿಯಾಗಿಯೇ ಇಟ್ಟೆ. ತಬಕ ದೇವರ ಮನೆಗೆ ಒಯ್ದೆ. ಆಯಿ ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಅದನ್ನೇ ನೋಡುತ್ತ ಕೂತಿದ್ದಳು. ಚೆಂಡುಹೂವು, ಪತ್ರಿ, ಧೂಪದ ಹೊಗೆ. ಆಯಿಯ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು, ಮೂರನೆಯ ಚೀಟಿಯ ಮೇಲಿನ ಬಸಿಯನ್ನು ಐದರ ಮೇಲೆ, ಐದರ ಬಸಿಯನ್ನು ಮೂರರ ಮೇಲೆ ಇಟ್ಟೆ. ಎರಡು ಹನಿ ತಬಕಕ್ಕೆ ಬಿದ್ದವು. ಲಂಗದ ಅಂಚಿನಿಂದ ಒರೆಸಿದೆ. ದೇವರ ಮನೆಯಲ್ಲಿ, ಪೂಜೆ ನಡೆದಿರುವಾಗ.

ನೀಲಾ ಐದೂ ಬಸಿ ಕುಡಿದು, ಕಡೆಯದನ್ನು ತೋರಿಸಿದಳು. ಅಪ್ಪ ಬಸಿ ಎತ್ತಿ ಚೀಟಿ ಓದಿದ. ಎಲ್ಲಕ್ಕಿಂತ ಅಗ್ಗದ ಪುಡಿ! ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. "ನೋಡು ನೀಲವ್ವ, ವ್ಯಾಪಾರಿಗೇ ಗೊತ್ತಿಲ್ಲ ಇದರ ರುಚಿ" ಎಂದು ಚಪ್ಪಲಿ ಮೆಟ್ಟಿಕೊಂಡು ಬೂತಿಗೆ ನಡೆದ. ಚೀಲಗಳು ಬಂದವು. ನಾಲ್ಕು ದಿನಕ್ಕೆ, ಬಸ್‌ಸ್ಟ್ಯಾಂಡಿನ ಹತ್ತಿರ ಹೋಟೆಲ್ ಇಟ್ಟಿದ್ದ ಚಾಚಾ ಬಂದ. ಅಪ್ಪನ ಅಂಗಡಿಯ ಅರ್ಧ ಪುಡಿ ಹೋಗುತ್ತಿದ್ದದ್ದು ಅವನ ಹೋಟೆಲಿಗೆ.

"ಸಾವಕಾರ್ರ, ಗಿರಾಕಿ ಎಲ್ಲಾ ಅರ್ಧಾ ಕುಡದು ಎದ್ದು ಹೊಂಟಾರ. ಇದು ಚಾ ಏನ್ರಿ, ಏನು ಅಂಗಿ ತೊಳದ ನೀರು?"

ಅಪ್ಪ ನೀಲಾಳನ್ನು ಕರೆದು ಆ ಪುಡಿಯ ಚಹಾ ಕುಡಿಸಿದ. ಅವಳು ಒಂದೇ ಗುಟುಕಿಗೆ ಕೆಳಗಿಟ್ಟಳು.

"ನಾ ಅವತ್ತ ಅಂದಿದ್ದು ಇದಲ್ಲ ಮಾವ."

"ಚೀಟಿ ನಾನೇ ಓದೇನಲ್ಲ?"

"ಇದಲ್ಲ ಮಾವ."

ಅವಳು ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೆ. ಅಪ್ಪ ಬಯ್ಯಲಿಲ್ಲ. "ಹುಡುಗಿ ನಾಲಗಿ, ಒಮ್ಮೆ ಇದ್ದಂಗ ಒಮ್ಮೆ ಇರಂಗಿಲ್ಲ" ಎಂದು ಚಾಚಾನಿಗೆ ಸಮಾಧಾನ ಹೇಳಿದ. ಮುಂದಿನ ಗುರುವಾರ ಮಣೆಯ ಮೇಲೆ ಕೂಡಲು ನನ್ನನ್ನು ಕರೆದ. ಚೀಟಿ, ತಬಕದ ಕೆಲಸ ನೀಲಾಳಿಗೆ ಹೋಯಿತು. ಅವಳು ಅಳಬಹುದೆಂದು ನಾನು ಕಾದೆ. ಅವಳು ಅಳಲಿಲ್ಲ. ಅದನ್ನೂ ನನಗೆ ತಡೆಯಲಾಗಲಿಲ್ಲ.

ಮಣೆ ಸಿಕ್ಕಿತು, ನಾಲಗೆ ಸಿಗಲಿಲ್ಲ. ಐದೂ ಬಸಿಯಲ್ಲಿ ಇದ್ದದ್ದು ಒಂದೇ: ಕಹಿ, ಬಿಸಿ, ಕಪ್ಪು. ಮೊದಲನೆಯದು ಕುಡಿದು ಎರಡನೆಯದಕ್ಕೆ ಬರುವುದರೊಳಗೆ ಮೊದಲನೆಯದು ಮರೆತಿರುತ್ತಿತ್ತು. ಅಪ್ಪ ಬಗ್ಗಿ ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಮೊಣಕಾಲು ನನಗೆ ತಾಗಿತ್ತು, ಆ ಸುಖವನ್ನೂ ಅನುಭವಿಸಲಾಗದಷ್ಟು ಭಯ. ಮನಸ್ಸಿನಲ್ಲಿ ದೇವರನ್ನು ನೆನೆದು ತಲೆ ತಗ್ಗಿಸಿದಾಗ ಕಂಡಿತು: ಎರಡನೆಯ ಬಸಿಯ ಪಕ್ಕದಲ್ಲಿ, ತಬಕದ ಮೇಲೆ, ಚೆಂಡುಹೂವಿನ ಒಂದು ಎಸಳು. ಉಳಿದ ಯಾವ ಬಸಿಯ ಹತ್ತಿರವೂ ಇಲ್ಲ.

ಲಗ್ನ ಕೂಡಿಸುವಾಗ, ಹೊಲ ಕೊಳ್ಳುವಾಗ ಗುಡಿಗೆ ಹೋಗಿ ದೇವರ ಮುಂದೆ ಕೂತು ಹೂವು ಬೀಳುವುದನ್ನು ಕಾಯುವ ಮಂದಿ ನಾವು. ಬಲಗಡೆಯ ಹೂವು ಬಿದ್ದರೆ ದೇವರು ಒಪ್ಪಿದ ಎಂದು ಅರ್ಥ. ಈ ತಬಕ ಬಂದದ್ದು ದೇವರ ಮನೆಯಿಂದ, ಎಸಳು ಇದ್ದದ್ದು ಬಸಿಯ ಬಲಕ್ಕೆ. ನನಗೆ ಮತ್ತೇನು ಬೇಕು? "ಇದು ಚಲೋ ಅದಪ್ಪ" ಎಂದೆ. ಆ ಪುಡಿ ಬಂತು, ಚಾಚಾ ಕೊಂಡಾಡಿದ. ಮುಂದಿನ ವಾರ ಎಸಳು ನಾಲ್ಕನೆಯದರ ಪಕ್ಕ. ಅದೂ ಸರಿಹೋಯಿತು. ದೇವರು ನನ್ನ ತಪ್ಪನ್ನು ಕ್ಷಮಿಸಿದ, ಅಷ್ಟೇ ಅಲ್ಲ, ನನ್ನ ಕಡೆಯೇ ಬಂದುಬಿಟ್ಟ ಎಂದು ತಿಳಿದೆ. ಚಹಾ ನೋಡುವವಳು ಈಗ ನಾನೇ ಎಂದು ಶಾಲೆಯಲ್ಲಿ ಹೇಳಿಕೊಂಡು ತಿರುಗಿದೆ. ನೀಲಾಳ ಎದುರಿಗೇ ಬಸಿಯನ್ನು ಸುರ್ರೆಂದು ಎಳೆದು, "ಇದು ಗಂಟಲಾಗ ಹಿಡೀತದ" ಎಂದು ಅವಳ ಮಾತನ್ನೇ ಆಡುತ್ತಿದ್ದೆ. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಿದ್ದಳು, ಕೈಯಲ್ಲಿ ಹಾಲಿನ ಲೋಟ, ಮೇಲ್ದುಟಿಯ ಮೇಲೆ ಬಿಳಿ ಗೆರೆ. ಐದು ಬಸಿ ಕಪ್ಪು ಚಹಾಕ್ಕೆ ನನ್ನ ಎದೆ ಹನ್ನೊಂದು ಗಂಟೆಯವರೆಗೆ ಹೊಡೆದುಕೊಳ್ಳುತ್ತಿತ್ತು, ಲೆಕ್ಕದ ಪಾಠದಲ್ಲಿ ಕೈ ನಡುಗುತ್ತಿತ್ತು. ಅದೂ ದೇವರ ಕೃಪೆಯ ಗುರುತೇ ಎಂದು ನಂಬಿದ್ದೆ.

ತೊಗರಿಕಾಯಿ ಬಿಡಿಸುವ ಹೊತ್ತಿಗೆ ಮನೆಯಲ್ಲಿ ಕೈ ಬೇಕೆಂದು ನೀಲಾಳ ಅಪ್ಪ ಬಂದು ಅವಳನ್ನು ಕೊಹಿನೂರಿಗೆ ಕರೆದೊಯ್ದ. ಆ ಗುರುವಾರ ಚೀಟಿ ಇಟ್ಟು ತಬಕ ತಂದದ್ದು ಅವ್ವ. ಪುಡಿ ತೀರಿತೆಂದು ಚಾಚಾ ಬೆಳಿಗ್ಗೆಯೇ ಬಂದಿದ್ದ.

"ಕೂಡ್ರಿ ಚಾಚಾ, ನಮ್ಮ ಸುಮ್ಮಿ ಚಾ ನೋಡೂದು ನೋಡ್ರಿ" ಎಂದ ಅಪ್ಪ. ನಮ್ಮ ಸುಮ್ಮಿ! ಎಷ್ಟು ದಿನ ಕಾದಿದ್ದ ಮಾತು. ನಾನು ಲಂಗ ಹರವಿಕೊಂಡು ಕೂತೆ. ತಬಕ ಮುಂದೆ ಬಂತು. ಎಸಳಿಲ್ಲ.

ಬಸಿಗಳನ್ನು ಒಂದೊಂದಾಗಿ ಎತ್ತಿ ಕುಡಿದೆ, ಅಂಚಿನ ಕೆಳಗೆ ಹುಡುಕಿದೆ, ತಬಕವನ್ನು ಸ್ವಲ್ಪ ತಿರುಗಿಸಿದೆ. ಒಂದು ಪತ್ರಿಯ ಚೂರೂ ಇಲ್ಲ. ಅಪ್ಪ ಕಾಯುತ್ತಿದ್ದ. ಕಣ್ಣು ಮುಚ್ಚಿ ಮೂರನೆಯದನ್ನು ಮುಟ್ಟಿದೆ. ಅವ್ವ ಪಾತ್ರೆಯಲ್ಲಿ ಉಳಿದ ಅದೇ ಚಹಾವನ್ನು ಬೇರೆ ಕಪ್ಪಿನಲ್ಲಿ ಚಾಚಾನಿಗೆ ಕೊಟ್ಟಳು. ಅವನು ಕುಡಿದು ಕಪ್ಪಿನೊಳಗೆ ಇಣುಕಿ ನೋಡಿದ.

"ಬೇಟಿ, ಸಿಟ್ಟಾಗಬ್ಯಾಡ. ಇದರಾಗ ರಂಗ್ ಅದ, ಜಾನ್ ಇಲ್ಲ. ಬರೇ ಬಣ್ಣ, ಜೀವ ಇಲ್ಲ."

"ಇನ್ನೊಮ್ಮೆ ನೋಡವ್ವ ಸುಮ್ಮಿ," ಅಪ್ಪ ಮೆತ್ತಗೆ ಹೇಳಿದ.

ನಾನು ಬಿಕ್ಕಿ ಅತ್ತುಬಿಟ್ಟೆ.

"ಹ್ಯಾಂಗ ನೋಡಲಪ್ಪ? ಇವತ್ತ ದೇವರು ಹೂವ ಕೊಟ್ಟಿಲ್ಲ!"

"ಯಾವ ಹೂವು?"

ಎಲ್ಲ ಹೇಳಿದೆ. ಎಸಳು, ಬಲಗಡೆ, ಪ್ರತಿ ಗುರುವಾರ. ದೇವರ ಮನೆಯಿಂದ ಆಯಿಯ ದನಿ ಬಂತು.

"ಅಯ್ಯ ಹುಚ್ಚಿ! ದೇವರಿಗೇನು ಬ್ಯಾರೆ ಕೆಲಸ ಇಲ್ಲೇನು, ನಿಮ್ಮಪ್ಪನ ಅಂಗಡಿಗೆ ಚಾಪತ್ತಿ ಆರಿಸಾಕ? ಹೂವು ಇಡಾಕಿ ನೀಲಾ. ಲಿಂಗಕ್ಕ ತೋರಿಸಿದಮ್ಯಾಲ ಐದೂ ಬಸಿ ಮೂಸಿ ನೋಡಿ ಒಂದರ ಬಾಜೂಕ ಇಡ್ತಿದ್ಲು. ಚಂದ ಕಾಣಲಿ ಅಂತ ಇಡ್ತಾಳ ಅಂದ್ಕೊಂಡಿದ್ದೆ ನಾ."

ಚಾಚಾ ಕಣ್ಣೊರೆಸಿಕೊಳ್ಳುವಷ್ಟು ನಕ್ಕ. ಅವ್ವ ಸೆರಗು ಬಾಯಿಗಿಟ್ಟಳು. ಅಪ್ಪ ಮಾತ್ರ ನಗಲಿಲ್ಲ, ಖಾಲಿ ಬಸಿಗಳನ್ನು ಒಂದರ ಮೇಲೊಂದು ಪೇರಿಸುತ್ತ ಕೂತ. ನನಗೆ ನಾಚಿಕೆಗಿಂತ ಹೆಚ್ಚಾಗಿ ಬಂದದ್ದು ಸಿಟ್ಟು. ಅಪ್ಪನ ಪಕ್ಕದಿಂದ ಅವಳನ್ನು ಎಬ್ಬಿಸಿದರೆ, ಅವಳು ಹೋಗಿ ದೇವರ ಜಾಗದಲ್ಲೇ ಕೂತಿದ್ದಳು! ಕುಡಿಯದೆ, ಬರೀ ಹಬೆ ಮೂಸಿ ಹೇಳುತ್ತಿದ್ದಳೆಂದರೆ, ನಾನು ಕಿತ್ತುಕೊಂಡದ್ದಾದರೂ ಏನು?

ಭಾನುವಾರ ನೀಲಾ ಹಸಿ ತೊಗರಿಕಾಯಿಯ ಚೀಲ ಹೊತ್ತು ಬಂದಳು. ಬಚ್ಚಲ ಕಲ್ಲಿನ ಮೇಲೆ ಕೂತು ಇಬ್ಬರೂ ಕಾಯಿ ಸುಲಿಯುವಾಗ ಕೇಳಿದೆ.

"ಹೂವು ಯಾಕ ಇಟ್ಟಿ?"

"ನಿನಗ ಗೊತ್ತಾಗಂಗಿಲ್ಲಲ್ಲ, ಅದಕ್ಕ."

"ನಾ ಬಸಿ ಅದಲು ಬದಲು ಮಾಡಿದ್ದು ಗೊತ್ತಿತ್ತೇನು?"

"ಹೂಂ. ನಿನ್ನ ಲಂಗದ ಅಂಚಿಗೆ ಚಾ ಹತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

ಅವಳು ಒಂದು ಕಾಯಿಯ ಕಾಳನ್ನು ಬಾಯಿಗೆ ಹಾಕಿಕೊಂಡು ಯೋಚಿಸಿದಳು.

"ಹೇಳಬೇಕಂತ ಇದ್ದೆ. ಭಾಳ ಸಿಟ್ಟು ಬಂದಿತ್ತು. ಆದ್ರ ಮುಂದಿನ ಗುರುವಾರ ತಬಕ ಎತ್ತೂ ಮೊದಲ ಅತ್ತಿ ಹಾಲು ಕೊಟ್ಲು. ಹಾಲು ಕುಡದಮ್ಯಾಲ ಸಿಟ್ಟು ಹೋತು."

ನಾನು ಸುಲಿಯುವುದನ್ನು ನಿಲ್ಲಿಸಿದೆ.

"ಪ್ರತಿ ಗುರುವಾರ ನೀ ಅದ ಬಾಗಲದಾಗ ನಿಂತು ಕುಡೀತಿದ್ದಿ," ಎಂದಳು. "ನನಗ ಆ ಕಡು ಚಾ, ಐದು ಬಸಿ. ಕುಡದ್ರ ವಾಂತಿ ಬರ್ತಿತ್ತು. ಉಗಳಿದ್ರ ಆಯಿ ಬಯ್ತಾಳ. ನಿನ್ನ ಲೋಟ ನೋಡಕೋತ ಕುಡೀತಿದ್ದೆ. ಪರರ ಮನಿ, ಹಾಲು ಕೊಡ್ರಿ ಅಂತ ಹ್ಯಾಂಗ ಕೇಳಲಿ? ನೀ ಮಣಿ ಮ್ಯಾಲ ಇದ್ರ ನನಗ ಹಾಲು. ಅದಕ್ಕ ಹೂವು ಇಟ್ಟೆ."

ತನ್ನ ತವರಿನ ಹುಡುಗಿಗೆ ಹೆಚ್ಚು ಕೊಟ್ಟಳು ಎಂದು ಯಾರೂ ಅನ್ನಬಾರದೆಂದು ಅವ್ವ ನೀಲಾಳ ಬಟ್ಟಲಿಗೆ ತುಪ್ಪವನ್ನೂ ಅಳೆದು ಹಾಕುತ್ತಿದ್ದದ್ದು ನನಗೆ ಆಗ ನೆನಪಾಯಿತು. ಅಷ್ಟು ದಿನ ನಾನು ರುಚಿ ತಿಳಿಯದೆ ಕುಡಿದ ಆ ಹಾಲನ್ನು ಇನ್ನೊಬ್ಬಳು ಕಣ್ಣಲ್ಲೇ ಕುಡಿಯುತ್ತಿದ್ದಳು. ನಾನು ಅವಳ ಮಣೆಯನ್ನು ನೋಡುವಾಗ ಅವಳು ನನ್ನ ಲೋಟ ನೋಡುತ್ತಿದ್ದಳು.

"ನಾ ಅಪ್ಪಗ ಖರೆ ಹೇಳ್ತೀನಿ," ಎಂದೆ.

"ಏ, ಬ್ಯಾಡ ಮಾರಾಯ್ತಿ! ಹೇಳಿದ್ರ ನನ್ನ ಮತ್ತ ಮಣಿ ಮ್ಯಾಲ ಕೂಡಸ್ತಾರ!"

ಆದರೂ ಹೇಳಿದೆ. ದೇವರ ಮನೆಯಲ್ಲಿ ಮಾಡಿದ ತಪ್ಪನ್ನು ಮನೆಯಲ್ಲಿ ಇಟ್ಟುಕೊಂಡಿರಬಾರದೆಂಬ ಭಯ ನಿಜ. ಆದರೆ ಅಷ್ಟೇ ಆಗಿತ್ತೇ? ಅವಳಿಗೆ ಬೇಕು ಎಂದು ತಿಳಿದ ಗಳಿಗೆಯಿಂದ ಆ ಹಾಲು ನನಗೂ ಬೇಕಾಗಿಬಿಟ್ಟಿತ್ತು. ಯಾವ ಕಾರಣ ಮೊದಲು, ಯಾವುದು ಹಿಂದೆ, ಇಷ್ಟು ವರ್ಷ ಪೂಜೆಗೆ ಕೂತರೂ ನನಗೆ ಖಚಿತವಿಲ್ಲ. ಅಂಗಡಿಯಲ್ಲಿ ಅಪ್ಪ ಚಹಾಪುಡಿ ಜರಡಿ ಹಿಡಿಯುತ್ತಿದ್ದ. ನಾನು ಹೇಳಿ ಮುಗಿಸುವವರೆಗೂ ಜರಡಿ ಆಡುತ್ತಲೇ ಇತ್ತು. ಆಮೇಲೆ ಕೈ ಒರೆಸಿಕೊಂಡು ಎದ್ದ. ಹೊಡೆಯುತ್ತಾನೆಂದು ಕಣ್ಣು ಮುಚ್ಚಿದೆ.

"ಬಸಿ ಅದಲು ಬದಲು ಮಾಡಿದ್ದು ನಿಂದು ತಪ್ಪು," ಎಂದ. "ಇದಲ್ಲ ಮಾವ ಅಂತ ಆ ಕೂಸು ಎರಡು ಸಲ ಅಂದ್ಲು. ಕೇಳದೇ ಇದ್ದದ್ದು ನಂದು."

ಒಳಗೆ ಹೋಗಿ, ಪಡಸಾಲೆಯಲ್ಲಿ ಪಾಠ ಬರೆಯುತ್ತಿದ್ದ ನೀಲಾಳ ಎದುರು ಕೂತು, "ತಪ್ಪಾತು ನೀಲವ್ವ" ಎಂದ. ದೊಡ್ಡವರು ಹಾಗೆ ಹೇಳುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಂಥ ತಂದೆಯನ್ನು ಕೊಟ್ಟದ್ದಕ್ಕೆ ಈಗ ದಿನಾ ಕೈಮುಗಿಯುತ್ತೇನೆ. ಆಗ ಮಾತ್ರ, ಆ ಮಾತೂ ಅವಳಿಗೇ ಹೋಯಿತಲ್ಲ ಎನಿಸಿತು.

ಗುರುವಾರ ಮಣೆಯ ಮೇಲೆ ಮತ್ತೆ ನೀಲಾ. ಅವ್ವ ಆ ಸಲ ಐದು ಬಸಿಗಳಿಗೆ ಎರಡೆರಡು ಗುಟುಕಿನಷ್ಟೇ ಚಹಾ ಹಾಕಿದ್ದಳು. ನುಂಗಲು ಅಷ್ಟೇ ಸಾಕು. ಆಯಿ ಅದನ್ನು ನೋಡಿ ಮತ್ತೆ ಜಪದ ಮಣಿ ಎಣಿಸತೊಡಗಿದಳು. ನೋಡುವುದು ಮುಗಿದು ಅಪ್ಪ ಬೂತಿಗೆ ಹೋದಮೇಲೆ ಅವ್ವ ನಮ್ಮಿಬ್ಬರನ್ನೂ ಅಡುಗೆಮನೆಗೆ ಕರೆದಳು. ಕಟ್ಟೆಯ ಮೇಲೆ ಎರಡು ಲೋಟಗಳನ್ನು ಪಕ್ಕಪಕ್ಕಕ್ಕೆ ಇಟ್ಟು, ಇದ್ದ ಒಂದು ಲೋಟ ಹಾಲನ್ನು ಇದಕ್ಕಿಷ್ಟು ಅದಕ್ಕಿಷ್ಟು ಸುರಿದಳು. ಸುರಿದು ಮುಗಿಯುತ್ತಲೇ ನಾನು ಬಗ್ಗಿ, ಎರಡೂ ಲೋಟಗಳ ಮಟ್ಟ ಸರಿಯಿದೆಯೋ ಇಲ್ಲವೋ ಎಂದು ಒಂದು ಕಣ್ಣು ಮುಚ್ಚಿ ನೋಡಿದೆ. ಲೋಟಗಳ ಆ ಕಡೆಯಿಂದ ನೀಲಾ, ಒಂದು ಕಣ್ಣು ಮುಚ್ಚಿ, ಬಗ್ಗಿ ನೋಡುತ್ತಿದ್ದಳು.